ಒಂದೇ ಶಬ್ದದ ಸಾಹೇಬರು

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಅಜ್ಜಿಗೆ ನಮ್ಮ ಸಾಹೇಬರ ಪರಿಚಯ ಇರಲಿಲ್ಲ.

ಅವರು ಹೋಗಿ ಕೆಲವು ತಿಂಗಳಾಯಿತು. ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿರುವ ನಮ್ಮ ಸೊಸೈಟಿಯ ಕೆಳಗಿನ ಹಾಲ್‌ನಲ್ಲಿ ಬೇಸಣು ಇಟ್ಟುಕೊಂಡಿದ್ದರು. ಇಲ್ಲಿಯವರ ಪದ್ಧತಿ ಅದು. ಹೋದವರ ಫೋಟೋಗೆ ಹಾರ ಹಾಕಿ, ಮನೆಯವರು ಪಕ್ಕದಲ್ಲಿ ಕೂರುತ್ತಾರೆ. ಬಿಳಿ ಬಟ್ಟೆ ತೊಟ್ಟು ಬಂದವರು ಸ್ವಲ್ಪ ಹೊತ್ತು ಕೂತು, ಎದ್ದು ಕೈಮುಗಿದು, ಮಾತಿಲ್ಲದೆ ಹೊರಡುತ್ತಾರೆ. ಊರಿನ ಹದಿಮೂರು ದಿನದ ಗಲಾಟೆ ನೋಡಿದ ನಮಗೆ ಮೊದಮೊದಲು ಇದೇನು ಇಷ್ಟು ಸಪ್ಪೆ ಅನ್ನಿಸಿತ್ತು. ಈಗ ಇಲ್ಲಿನ ಕನ್ನಡದವರ ಮನೆಗಳಲ್ಲೂ ರೂಢಿಯಾಗಿದೆ.

ಒಳಗೆ ಮಾತಿಲ್ಲದಿದ್ದರೂ ಹೊರಗೆ ಚಪ್ಪಲಿ ಹುಡುಕುವಾಗ ಎಲ್ಲರಿಗೂ ಬಾಯಿ ಬರುತ್ತದೆ. ಮೂರನೇ ಮಹಡಿಯ ಗುಜರಾತಿ ಕಾಕಾ, "ಬಹು ಕನ್ಸರ್ವೇಟಿವ್ ಮಾಣಸ್ ಹತಾ," ಎಂದರು, ಬಹಳ ಸಂಪ್ರದಾಯದ ಮನುಷ್ಯರಾಗಿದ್ದರು ಎಂಬ ಅರ್ಥದಲ್ಲಿ, ಮೆಚ್ಚಿಕೆಯಿಂದ. ನಮ್ಮ ಆಫೀಸಿನ ನಿವೃತ್ತರೊಬ್ಬರು, "ಅಷ್ಟು ಕನ್ಸರ್ವೇಟಿವ್ ಡಿಸೈನರ್ ಇನ್ನೊಬ್ಬ ಹುಟ್ಟಲ್ಲ ಬಿಡಿ," ಎಂದರು. ಅವರ ಭವಿಷ್ಯ ನಿಜವಾಗಲಿ ಎಂದು ನಾನು ಮನಸ್ಸಿನಲ್ಲೇ ಹಾರೈಸಿದೆ.

ಒಳಗೆ ವೈನಿ ಕೂತಿದ್ದರು. ಸಾಹೇಬರ ಹೆಂಡತಿ. ಧಾರವಾಡದ ಕಡೆ ಅತ್ತಿಗೆಗೆ ವೈನಿ ಅನ್ನುತ್ತಾರೆ. ತುಮಕೂರಿನವಳಾದ ನಾನೂ ಅವರನ್ನು ಹಾಗೇ ಕರೆದು ಅಭ್ಯಾಸ. ಬಂದವರು ಕೈಮುಗಿದಾಗ ಅವರೂ ಮುಗಿಯಬೇಕಲ್ಲ? ಎಡಗೈ ಸಲೀಸಾಗಿ ಏಳುತ್ತಿತ್ತು. ಬಲಗೈ ಏಳುತ್ತಿರಲಿಲ್ಲ. ಎಡಗೈಯೇ ಕೆಳಗೆ ಹೋಗಿ ಅದನ್ನು ಎತ್ತಿಕೊಂಡು ಬರುತ್ತಿತ್ತು, ಬೆರಳುಗಳು ಅರ್ಧ ಮಡಚಿದಂತೆಯೇ ಇರುತ್ತಿದ್ದವು. ನನ್ನ ಹಿಂದೆ ಕೂತಿದ್ದ ಹೆಂಗಸು, "ಪಾಪ, ದುಃಖಕ್ಕೆ ಕೈಕಾಲೇ ಬಿದ್ದುಹೋಗಿದೆ," ಎಂದು ಪಕ್ಕದವಳಿಗೆ ಹೇಳಿದಳು. ನನಗೆ ಮೈ ಉರಿಯಿತು. ಆ ಕೈ ದುಃಖಕ್ಕೆ ಬಿದ್ದದ್ದಲ್ಲ. ಅದನ್ನು ಬೀಳಿಸಿದ ಪುಣ್ಯಾತ್ಮರು ಹಾರ ಹಾಕಿಸಿಕೊಂಡು ಎದುರಿಗೇ ಇದ್ದರು.

ಸಾಹೇಬರು ಇಲ್ಲಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ನಮ್ಮ ವಿಭಾಗದ ಮುಖ್ಯಸ್ಥರಾಗಿದ್ದರು, ಮನೆಯೂ ನಮ್ಮ ಸೊಸೈಟಿಯಲ್ಲೇ. ಆಕಾಶಕ್ಕೆ ಹೋಗುವ ಉಪಕರಣಗಳನ್ನು ಕೂರಿಸುವ ಚೌಕಟ್ಟು, ಬ್ರಾಕೆಟ್ಟುಗಳ ಲೆಕ್ಕ ನಮ್ಮದು. ನಾನು ಅವರ ಕೈಕೆಳಗೆ ಸೇರಿದ ದಿನ ಅವರು ಹೇಳಿದ ಮೊದಲ ಮಾತು: "ನೋಡವಾ, ಇಲ್ಲೆ ಜಾಣರಿಗೆ ಜಾಗಾ ಇಲ್ಲ. ಕನ್ಸರ್ವೇಟಿವ್ ಇರಬೇಕು." ಮಾತು ತಪ್ಪಲ್ಲ. ಮೇಲೆ ಹೋದದ್ದನ್ನು ಇಳಿಸಿ ರಿಪೇರಿ ಮಾಡಲಾಗುವುದಿಲ್ಲ. ಅದಕ್ಕೆ ಬೀಳುವ ಭಾರ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚೇ ಇದೆ ಎಂದು ಹಿಡಿಯಬೇಕು. ತಡೆಯುವ ಶಕ್ತಿ ಕಡಿಮೆಯೇ ಇದೆ ಎಂದು ಹಿಡಿಯಬೇಕು. ನಮ್ಮ ಕಸುಬಿನಲ್ಲಿ ಆ ಶಬ್ದಕ್ಕೆ ಇರುವುದು ಅದೊಂದೇ ಅರ್ಥ: ಕೆಟ್ಟದ್ದನ್ನು ಮೊದಲೇ ನಂಬು.

ಆದರೆ ಸಾಹೇಬರು ಅದನ್ನು ಉಪ್ಪಿನಕಾಯಿಯ ಹಾಗೆ ಎಲ್ಲದಕ್ಕೂ ನೆಂಚಿಕೊಳ್ಳುತ್ತಿದ್ದರು. ನಾವು ಒಂದಿಷ್ಟು ದಪ್ಪ ಸೇರಿಸಿ ಕೊಟ್ಟರೆ ಅವರು ಅದರ ಮೇಲೆ ಇನ್ನಷ್ಟು ಸೇರಿಸುತ್ತಿದ್ದರು. "ಇವರ ಕೈಗೆ ಕೊಟ್ಟರೆ ಉಪಗ್ರಹ ಮೇಲೆ ಹೋಗೋದಿಲ್ಲ, ಅಡಿಪಾಯ ಹಾಕಿ ಇಲ್ಲೇ ಕಟ್ಟಬೇಕಾಗುತ್ತೆ," ಎಂದು ಕ್ಯಾಂಟೀನಿನಲ್ಲಿ ನಗುತ್ತಿದ್ದೆವು. ತರಬೇತಿಗೆ ಬಂದ ಹುಡುಗಿ ದುಪಟ್ಟಾ ಇಲ್ಲದ ಕುರ್ತಾ ತೊಟ್ಟರೆ ನನ್ನನ್ನು ಕರೆಸಿ, "ಸ್ವಲ್ಪ ಕನ್ಸರ್ವೇಟಿವ್ ಡ್ರೆಸ್ ಮಾಡು ಅಂತ ಹೇಳವಾ ಆಕೀಗೆ," ಅನ್ನುತ್ತಿದ್ದರು. ನಾನು ಹೇಳುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಅದೇ ಮಹಾನುಭಾವರು ಬಾಲ್ಕನಿಯಲ್ಲಿ ಬರೀ ಚಡ್ಡಿಯಲ್ಲಿ ನಿಂತು ಇಡೀ ಸೊಸೈಟಿಗೆ ದರ್ಶನ ಕೊಡುತ್ತಿದ್ದರು.

ಮಗಳಿಗೆ ಗಂಡು ನೋಡುವಾಗ ಸೂರತ್‌ನಿಂದ ಒಂದು ಕುಟುಂಬ ಬಂದಿತ್ತು. ಅಲ್ಲಿನ ಉಧ್ನಾ ಸ್ಟೇಷನ್ನಿನಲ್ಲಿ ರೈಲ್ವೆ ಕೆಲಸದಲ್ಲಿದ್ದ ಹುಬ್ಬಳ್ಳಿಯವರು. ಹುಡುಗನ ತಾಯಿ, "ನೀವು ಎಷ್ಟು ಕನ್ಸರ್ವೇಟಿವ್ ಅದೀರಿ?" ಎಂದು ಕೇಳಿದರು. ಹುಡುಗಿ ಮದುವೆಯಾದ ಮೇಲೆ ಕೆಲಸಕ್ಕೆ ಹೋಗಬಹುದೋ ಇಲ್ಲವೋ ಎನ್ನುವುದು ಅವರ ಪ್ರಶ್ನೆ. ಸಾಹೇಬರು, "ನಿಮಗ ಎಷ್ಟು ಬೇಕೋ ಅಷ್ಟು," ಎಂದರು. ಮಗಳು ಒಳಗಿನಿಂದ ಗುಜರಾತಿಯಲ್ಲಿ ಏನೋ ಅಂದಳು. ಆ ಸಂಬಂಧ ಆಗಲಿಲ್ಲ. ಅವಳು ಈಗ ವಡೋದರಾದಲ್ಲಿದ್ದಾಳೆ, ತಾನೇ ನೋಡಿಕೊಂಡ ಹುಡುಗನ ಜೊತೆ. ಅಲ್ಲಿ ಮಾತ್ರ ಸಾಹೇಬರ ಆಟ ನಡೆಯಲಿಲ್ಲ, ನನಗೆ ಇವತ್ತಿಗೂ ಖುಷಿ.

ಯುಗಾದಿಯ ಊಟದ ಕಥೆ ಹೇಳಲೇಬೇಕು. ಪ್ರತಿವರ್ಷ ಇಲ್ಲಿನ ಕನ್ನಡದವರೆಲ್ಲ ಸೇರಿ ಊಟ ಮಾಡುತ್ತೇವೆ. ಒಮ್ಮೆ ಎಷ್ಟು ಜನಕ್ಕೆ ಅಡುಗೆ ಎಂದು ನಿರ್ಧರಿಸುವ ಕೆಲಸ ಸಾಹೇಬರ ಪಾಲಿಗೆ ಬಂತು. "ಕನ್ಸರ್ವೇಟಿವ್ ಎಸ್ಟಿಮೇಟ್ ಹಾಕೀನಿ," ಎಂದರು. ಸರಿ, ಹತ್ತು ಎಲೆ ಹೆಚ್ಚೇ ಇರುತ್ತದೆ ಎಂದುಕೊಂಡೆವು. ಎರಡನೇ ಪಂಕ್ತಿಗೆ ಹೋಳಿಗೆ ಇಲ್ಲ, ಮೂರನೇ ಪಂಕ್ತಿಗೆ ಅನ್ನವೂ ಇಲ್ಲ. ಮಕ್ಕಳನ್ನು ಕಟ್ಟಿಕೊಂಡು ಕೂತವರೆಲ್ಲ ಬೀದಿ ತುದಿಯ ಅಂಗಡಿಯ ದಾಬೇಲಿ ತಿಂದು ಯುಗಾದಿ ಮಾಡಿದರು. ರುಚಿ ನೋಡಬೇಕಲ್ಲ ಎಂದು ಸಾಹೇಬರು ಮೊದಲನೇ ಪಂಕ್ತಿಯಲ್ಲೇ ಕೂತಿದ್ದರು.

ಆವತ್ತು ನನಗೊಂದು ವಿಷಯ ಹೊಳೆಯಿತು. ಅವರ ಹೆಸರು ಅಂಟುವ ಬ್ರಾಕೆಟ್ಟಿನಲ್ಲಿ ಕನ್ಸರ್ವೇಟಿವ್ ಅಂದರೆ ಹೆಚ್ಚು. ಬೇರೆಯವರ ಎಲೆಯಲ್ಲಿ ಕನ್ಸರ್ವೇಟಿವ್ ಅಂದರೆ ಕಡಿಮೆ. ಕನ್ನಡದಲ್ಲಿ ಮಾತಾಡಿದ್ದರೆ ಈ ಮನುಷ್ಯ ಸಿಕ್ಕಿಬೀಳುತ್ತಿದ್ದರು. ನಮ್ಮಲ್ಲಿ ಒಂದೊಂದಕ್ಕೆ ಒಂದೊಂದು ಮಾತಿದೆ: ಮಡಿವಂತ, ಹುಷಾರಿನವ, ಹಿಂಜರಿಯುವವ, ಅಳೆದು ಸುರಿಯುವವ, ಕೈಬಿಗಿಯವ, ಪುಕ್ಕಲ. ಒಂದನ್ನು ಆಡಿದರೆ ಇನ್ನೊಂದರ ಹಿಂದೆ ಅವಿತುಕೊಳ್ಳಲು ಆಗುವುದಿಲ್ಲ. ರಾಜಕೀಯದಲ್ಲಿ ಆ ಶಬ್ದಕ್ಕೆ ಇನ್ನೇನೋ ಅರ್ಥ ಇದೆಯಂತೆ. ಅದು ಅವರಿಗೆ ಬೇಕಾಗಿರಲಿಲ್ಲ. ಟೀವಿ ಮುಂದೆ ಕೂತು ಎಲ್ಲ ಪಕ್ಷದವರನ್ನೂ ಸಮನಾಗಿ ಬೈಯುತ್ತಿದ್ದರು.

ವೈನಿಯ ಕೈಯ ವಿಷಯಕ್ಕೆ ಬರುತ್ತೇನೆ. ಅದನ್ನು ಹೇಳಲೆಂದೇ ಇಷ್ಟೆಲ್ಲ ಬರೆಯುತ್ತಿರುವುದು.

ವೈನಿ ಕುಪ್ಪಸ ಹೊಲಿಯುತ್ತಿದ್ದರು. ಖಣದ ಕುಪ್ಪಸ, ಇಳಕಲ್ ಸೀರೆಗೆ ಹೊಂದುವ ರವಿಕೆ. ಇಲ್ಲಿನ ದರ್ಜಿಗಳು ಚಣಿಯಾ ಚೋಳಿ ಚೆನ್ನಾಗಿ ಹೊಲಿಯುತ್ತಾರೆ, ನಮ್ಮ ಕಡೆಯ ರವಿಕೆಯ ತೋಳು ಮಾತ್ರ ಅವರ ಕೈಗೆ ಹತ್ತುವುದಿಲ್ಲ. ಹಾಗಾಗಿ ಬ್ಯಾಂಕು, ವಿಮೆ, ಸಂಶೋಧನೆ ಅಂತ ಬಂದಿಳಿದ ಕನ್ನಡದ ಹೆಂಗಸರೆಲ್ಲ ವೈನಿಯ ಮನೆಗೇ ಬರುವುದು. ಮಧ್ಯಾಹ್ನದ ಹೊತ್ತು ಆ ಮನೆಯಲ್ಲಿ ಧಾರವಾಡ, ಮಂಗಳೂರು, ತುಮಕೂರು ಎಲ್ಲ ಕನ್ನಡವೂ ಒಟ್ಟಿಗೆ ಕೇಳುತ್ತಿತ್ತು. ವೈನಿ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಎಲ್ಲರಿಗೂ ಉತ್ತರ ಕೊಡುತ್ತಿದ್ದರು. ಸಾಹೇಬರು ಮನೆಗೆ ಬರುವ ಹೊತ್ತಿಗೆ ಚಿಂದಿ ಗುಡಿಸಿ, ಮಶಿನ್ನಿನ ಮೇಲೆ ಬಟ್ಟೆ ಹೊದಿಸಿ, ಏನೂ ನಡೆದೇ ಇಲ್ಲವೇನೋ ಅನ್ನುವ ಹಾಗೆ ಇರುತ್ತಿದ್ದರು.

ಒಂದು ಬೇಸಿಗೆಯಲ್ಲಿ ಅವರಿಗೆ ಕತ್ತು ನೋವು ಶುರುವಾಯಿತು. ಕತ್ತಿನಿಂದ ಭುಜ, ಭುಜದಿಂದ ಬೆರಳ ತುದಿಯವರೆಗೆ ಬೆಂಕಿ ಹರಿದ ಹಾಗೆ ಆಗುತ್ತದೆ ಅಂದರು. ಬೆನ್ನುಮೂಳೆಯ ಡಾಕ್ಟರೊಬ್ಬರು ನನ್ನ ಗಂಡನಿಗೆ ಪರಿಚಯ. ಅದಕ್ಕೆ ನಾನೂ ಜೊತೆಗೆ ಹೋದೆ. ಸಾಹೇಬರು, ವೈನಿ, ನಾನು, ಮೂವರೂ ಡಾಕ್ಟರ ಎದುರಿಗೆ ಕೂತಿದ್ದೆವು.

"ದರ್ದ್ ಎಷ್ಟಿದೆ? ಸೊನ್ನೆಯಿಂದ ಹತ್ತರೊಳಗೆ ಒಂದು ನಂಬರ್ ಹೇಳಿ ಬೆಹೆನ್," ಎಂದು ಡಾಕ್ಟರು ಹಿಂದಿಯಲ್ಲಿ ಕೇಳಿದರು.

ವೈನಿ ಬಾಯಿ ತೆರೆದರು. ಅಷ್ಟರಲ್ಲಿ ಪಕ್ಕದ ಕುರ್ಚಿಯಿಂದ ಉತ್ತರ ಬಂತು. "ಮೂರು. ಲೆಟ್ ಅಸ್ ಬಿ ಕನ್ಸರ್ವೇಟಿವ್, ಡಾಕ್ಟರ್."

ವೈನಿ ಬಾಯಿ ಮುಚ್ಚಿದರು.

ಡಾಕ್ಟರು ಫಿಲ್ಮ್ ನೋಡಿ, ಕತ್ತಿನ ಡಿಸ್ಕ್ ಜಾರಿ ಕೈಗೆ ಹೋಗುವ ನರವನ್ನು ಒತ್ತುತ್ತಿದೆ ಎಂದರು. ಈಗಲೇ ಆಪರೇಷನ್ ಬೇಡ, ಕನ್ಸರ್ವೇಟಿವ್ ಟ್ರೀಟ್‌ಮೆಂಟ್ ಮಾಡೋಣ: ಕತ್ತಿಗೆ ಪಟ್ಟಿ, ಮಾತ್ರೆ, ವ್ಯಾಯಾಮ. ಆರು ವಾರ ಬಿಟ್ಟು ಖಂಡಿತ ಬನ್ನಿ. ಮಧ್ಯೆ ಬೆರಳು ಮರಗಟ್ಟಿದರೆ, ಹಿಡಿತ ಸಡಿಲಾದರೆ ಒಂದು ದಿನವೂ ಕಾಯಬೇಡಿ, ಆಗ ಆಪರೇಷನ್ನೇ ದಾರಿ. ಇಷ್ಟನ್ನೂ ಬಿಡಿಸಿ ಹೇಳಿದರು. ನಾನು ಕೇಳಿಸಿಕೊಂಡೆ. ವೈನಿ ಕೇಳಿಸಿಕೊಂಡರು. ಸಾಹೇಬರ ಕಿವಿಗೆ ಬಿದ್ದದ್ದು ಒಂದೇ ಶಬ್ದ. ಬಹುಮಾನ ಬಂದವರ ಮುಖ ಮಾಡಿಕೊಂಡು ಕಾರು ಹತ್ತಿದರು. "ನೋಡಿದ್ಯಾ? ದೊಡ್ಡ ಡಾಕ್ಟರ್, ಅವರೂ ಕನ್ಸರ್ವೇಟಿವ್‌ನ ಅಂದ್ರು!"

ಆರು ವಾರ ಕಳೆಯಿತು. ಮಳೆಗಾಲ ಕಳೆಯಿತು. ನವರಾತ್ರಿಯೂ ಬಂತು.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಅವರು ವೈನಿಯನ್ನು ಅಲಕ್ಷ್ಯ ಮಾಡಲಿಲ್ಲ. ದಿನಾ ಸಂಜೆ ಬಿಸಿನೀರಿನ ಚೀಲವನ್ನು ತಾವೇ ತುಂಬಿಸಿ ಕತ್ತಿಗೆ ಇಡುತ್ತಿದ್ದರು, ನಾಲ್ಕೈದು ಥರದ ದಿಂಬು ತಂದರು, ಊರಿನಿಂದ ಎಣ್ಣೆ ತರಿಸಿದರು. ಡಾಕ್ಟರ ಹತ್ತಿರ ಮಾತ್ರ ಮತ್ತೆ ಕರೆದುಕೊಂಡು ಹೋಗಲಿಲ್ಲ. ಕತ್ತಿಗೆ ಕತ್ತಿ ಹಾಕುತ್ತಾರೆ ಎನ್ನುವುದು ಅವರಿಗೆ ಭಯ. ಭಯ ಯಾರಿಗಿಲ್ಲ? ನನಗೂ ಹೆದರಿಕೆ ಕಣೇ ಎಂದು ಹೆಂಡತಿಯ ಹತ್ತಿರ ಒಂದು ಸಲ ಬಾಯಿಬಿಟ್ಟು ಹೇಳಿದ್ದರೆ ಆಕೆಯೇ ಧೈರ್ಯ ಹೇಳಿ ಎಬ್ಬಿಸಿಕೊಂಡು ಹೋಗುತ್ತಿದ್ದರು. ಇವರು ತಮ್ಮ ಭಯಕ್ಕೆ ಕೋಟು ಟೈ ಹಾಕಿಸಿ ಕೂರಿಸಿದರು.

ದೀಪಾವಳಿಗೆ ಮುಂಚೆ ನಾವಿಬ್ಬರೂ ಬಟ್ಟೆ ತರಲು ಸೂರತ್‌ಗೆ ಹೋದೆವು. ವೈನಿಗೆ ಅದು ವರ್ಷದ ಹಬ್ಬ. ಅಲ್ಲಿನ ಪಾಂಡೇಸರಾ ಬಡಾವಣೆಯ ಮಿಲ್ಲುಗಳಲ್ಲಿ ಬಣ್ಣ ಹಾಕಿಸಿ ತಂದ ತಾನುಗಳನ್ನು ಮಾರುಕಟ್ಟೆಯ ಅಂಗಡಿಯವನು ಒಂದರ ಮೇಲೊಂದು ಬಿಚ್ಚಿ ಹಾಕುತ್ತಿದ್ದರೆ ವೈನಿ ಹೆಬ್ಬೆರಳು, ತೋರುಬೆರಳ ನಡುವೆ ಅಂಚನ್ನು ಉಜ್ಜಿ ನೋಡುತ್ತಾ ಹೋಗುವರು. ಕಣ್ಣು ನನ್ನ ಕಡೆ, ಮಾತು ನನ್ನ ಜೊತೆ, ಬೆರಳು ಬಟ್ಟೆಯ ಜೊತೆ. ಆವತ್ತು ಅವರು ಒಂದು ತುಂಡನ್ನು ಉಜ್ಜಿದರು, ಇನ್ನೊಂದನ್ನು ಉಜ್ಜಿದರು, ಮತ್ತೆ ಮೊದಲನೆಯದನ್ನು ಹಿಡಿದರು. ಮಾತು ನಿಂತಿತು.

"ತಂಗಿ, ಇದು ಹತ್ತಿನೋ ನೈಲಾನೋ ಹೇಳವಾ," ಎಂದರು ಮೆಲ್ಲಗೆ. "ನನಗ ಬೆರಳಿಗೆ ತಿಳೀವಲ್ದು."

ಎರಡು ಬಟ್ಟೆಗೂ ಅಜಗಜಾಂತರ. ಅಂಗಡಿಯವನು ನಗುತ್ತಾ ನಮ್ಮನ್ನೇ ನೋಡುತ್ತಿದ್ದ. ನಾನು ಏನೋ ಒಂದು ಕಟ್ಟಿಸಿಕೊಂಡು ಅವರನ್ನು ಹೊರಗೆ ಕರೆದುಕೊಂಡು ಬಂದೆ. ರೈಲಿನಲ್ಲಿ ಉದ್ದಕ್ಕೂ ವೈನಿ ಸೆರಗಿನ ತುದಿಯನ್ನು ಎಡಗೈಯಲ್ಲಿ ಉಜ್ಜುವುದು, ಬಲಗೈಯಲ್ಲಿ ಉಜ್ಜುವುದು, ಇದೇ ಮಾಡುತ್ತಿದ್ದರು.

"ಸರ್‌ಗೆ ನಾನು ಹೇಳ್ತೀನಿ ವೈನಿ," ಅಂದೆ.

"ಹೇಳು. ಆದರ ಸ್ವಲ್ಪ ಕಡಿಮೀನ ಹೇಳವಾ. ಗಾಬರಿ ಆಗ್ತಾರ."

ಮರುದಿನ ಆಫೀಸಿನಲ್ಲಿ ರಿವ್ಯೂ ಇತ್ತು. ಸಾಹೇಬರದ್ದೊಂದು ಕಟ್ಟುನಿಟ್ಟಿನ ನಿಯಮ: ಯಾವ ಭಾಗದಲ್ಲಾದರೂ ಸಣ್ಣ ದೋಷ ಕಂಡರೆ, ಸದ್ಯಕ್ಕೆ ಕಾದು ನೋಡೋಣ ಎಂದು ಬಿಡಬಹುದು. ಆದರೆ ಯಾವ ದಿನದವರೆಗೆ ಕಾಯುವುದು, ಆ ದಿನ ನೋಡುವವರು ಯಾರು ಎಂದು ಅಲ್ಲೇ ಹೇಳಬೇಕು. ಇಲ್ಲದಿದ್ದರೆ ಎಬ್ಬಿಸಿ ನಿಲ್ಲಿಸುತ್ತಿದ್ದರು. ಆವತ್ತು ಹೊಸ ಎಂಜಿನಿಯರ್ ಒಬ್ಬ ಬಿರುಕಿನ ಫೋಟೋ ತೋರಿಸಿ, ಅಬ್ಸರ್ವೇಷನ್‌ನಲ್ಲಿ ಇಟ್ಟಿದ್ದೇವೆ ಎಂದ.

"ಯಾವಾಗಿನ ತನಕ?" ಸಾಹೇಬರು ಮೇಜು ಗುದ್ದಿದರು. ನಾನು ಪಕ್ಕದಲ್ಲೇ ಇದ್ದುದರಿಂದ ಮೊದಲು ಕನ್ನಡದಲ್ಲೇ ಬಂತು, ಆಮೇಲೆ ಇಂಗ್ಲಿಷಿನಲ್ಲಿ. "ತಾರೀಖು ಇಲ್ಲದ ಅಬ್ಸರ್ವೇಷನ್ ಅಂದರೆ ಕಣ್ಣು ಮುಚ್ಚಿಕೊಂಡು ಕೂಡೋದು. ದ್ಯಾಟ್ ಈಸ್ ನಾಟ್ ಕನ್ಸರ್ವೇಟಿವ್, ದ್ಯಾಟ್ ಈಸ್ ಲೇಜಿ!"

ಹುಡುಗ ಅಲ್ಲೇ ಒಂದು ತಾರೀಖು ಬರೆದುಕೊಂಡ. ಎಲ್ಲರೂ ಎದ್ದು ಹೋದ ಮೇಲೆ ನಾನು ಉಳಿದೆ. ವೈನಿಗೆ ಬೆರಳಿನ ಸ್ಪರ್ಶ ಹೋಗುತ್ತಿದೆ ಎಂದು ಹೇಳಿದೆ. ಕಡಿಮೆ ಮಾಡಿ ಹೇಳಲಿಲ್ಲ.

"ಹೂಂ, ಟ್ರೀಟ್‌ಮೆಂಟ್ ನಡದದಲ್ಲಾ," ಎಂದರು.

"ಯಾವಾಗಿನ ತನಕ ಸರ್?" ಅಂದೆ. "ಡಾಕ್ಟ್ರು ಆರು ವಾರ ಅಂದಿದ್ರು. ಅವರ ಕೈಯನ್ನ ಅಬ್ಸರ್ವೇಷನ್‌ನಲ್ಲಿ ಇಟ್ಟಿದ್ದೀರಲ್ಲ, ಅದಕ್ಕೆ ತಾರೀಖು ಯಾವುದು?"

ಅವರ ಮುಖ ಒಂದು ಗಳಿಗೆ ಬಿಳಿಚಿತು. ತಟ್ಟಿತು ಎಂದುಕೊಂಡೆ. ಈಗ ಎದ್ದು ಮನೆಗೆ ಹೋಗುತ್ತಾರೆ, ನಾಳೆಯೇ ಕರೆದುಕೊಂಡು ಹೋಗುತ್ತಾರೆ ಎಂದುಕೊಂಡೆ. ಅವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು.

"ಮನಿ ಮಾತು ಆಫೀಸಿಗೆ ತರಬ್ಯಾಡವಾ," ಎಂದರು. "ನಾವು ಕನ್ಸರ್ವೇಟಿವ್ ಮಂದಿ. ನಮ್ಮ ಮನ್ಯಾಗ ಇವೆಲ್ಲಾ ಹೊರಗಿನವರು ಮಾತಾಡೂದಿಲ್ಲ."

ವಡೋದರಾದಿಂದ ಮಗಳು ಬಂದು ಜಗಳ ಆಡಿದಳು. ಅವಳಿಗೆ ಕನ್ನಡ ಅಷ್ಟಕ್ಕಷ್ಟೇ; ಸಿಟ್ಟು ಬಂದರೆ ಗುಜರಾತಿ. "ಪಪ್ಪಾ, ಮಮ್ಮೀ ನೋ ಹಾಥ್ ಛೇ, ತಮಾರೋ ನಥೀ!" ಅಮ್ಮನ ಕೈ ಅದು, ನಿಮ್ಮದಲ್ಲ ಎಂದು ಕೂಗಿದ್ದು ನಮ್ಮ ಮನೆಗೂ ಕೇಳಿಸಿತು. ತಾನೇ ಕರೆದುಕೊಂಡು ಹೋಗುತ್ತೇನೆ ಎಂದು ಚೀಲ ತುಂಬಿದಳು. ವೈನಿ ಬಾಗಿಲ ತನಕ ಬಂದು ನಿಂತುಬಿಟ್ಟರು. ಸಾಹೇಬರು ಸೋಫಾದಲ್ಲಿ ಬೆನ್ನು ಮಾಡಿ ಕೂತಿದ್ದರು. ಆ ಬೆನ್ನನ್ನು ದಾಟಿ ಹೋಗಲು ವೈನಿಗೆ ಆಗಲಿಲ್ಲ. ಮಗಳು ಅಳುತ್ತಾ ಒಬ್ಬಳೇ ಹೋದಳು. ಮುಂದಿನ ಯುಗಾದಿಯ ಹೊತ್ತಿಗೆ ಕತ್ತರಿ ಹಿಡಿಯಲು ವೈನಿಗೆ ಬರುತ್ತಿರಲಿಲ್ಲ. ಮಶಿನ್ನಿನ ಮೇಲಿನ ಬಟ್ಟೆ ಹೊದ್ದದ್ದು ಹೊದ್ದಂತೆಯೇ ಉಳಿಯಿತು. ಮಧ್ಯಾಹ್ನದ ಹೆಂಗಸರು ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು.

ನಿವೃತ್ತಿಯಾದ ವರ್ಷ ಸಾಹೇಬರಿಗೆ ಎದೆನೋವು ಬಂತು. ಬೆಳಗಿನ ಚಹಾದ ಹೊತ್ತು. ನನ್ನ ಗಂಡ ಕಾರು ತೆಗೆದ, ನಾನೂ ವೈನಿಯೂ ಹಿಂದೆ ಕೂತೆವು. ರಕ್ತನಾಳ ಕಟ್ಟಿದೆ, ಸ್ಟೆಂಟ್ ಹಾಕಬೇಕು ಎಂದು ಡಾಕ್ಟರು ಇನ್ನೂ ವಾಕ್ಯ ಮುಗಿಸಿರಲಿಲ್ಲ.

"ಏನು ಮಾಡಬೇಕೋ ಈಗಿಂದೀಗ ಮಾಡ್ರಿ! ಕಾಯಬ್ಯಾಡ್ರಿ!" ಸಾಹೇಬರು ಸ್ಟ್ರೆಚರ್ ಮೇಲಿಂದ ಗುಜರಾತಿ ಡಾಕ್ಟರಿಗೆ ಅಪ್ಪಟ ಧಾರವಾಡ ಕನ್ನಡದಲ್ಲಿ ಕೂಗಿದರು. ಆಮೇಲೆ ಹಿಂದಿ ನೆನಪಾಯಿತು: "ಜಲ್ದಿ! ಜಲ್ದಿ!"

ಮಾಡಲೇಬೇಕಾದದ್ದನ್ನು ಮಾಡಿದರು, ಅದರಲ್ಲಿ ತಪ್ಪೇನಿಲ್ಲ. ಆದರೆ ಆ ಶಬ್ದ ಎಲ್ಲಿ ಹೋಯಿತು? ವರ್ಷಗಟ್ಟಲೆ ನಾಲಿಗೆಯ ಮೇಲೆ ಕೂತಿದ್ದ ಶಬ್ದ ಆವತ್ತು ಬಾಗಿಲಲ್ಲೇ ಇಳಿದುಹೋಗಿತ್ತು. ನಾನು ಕಾರಿಡಾರಿನಲ್ಲಿ ವೈನಿಯ ಮುಖ ನೋಡಿದೆ. ಬಲಗೈಯನ್ನು ಎಡಗೈಯಲ್ಲಿ ಹಿಡಿದು ತೊಡೆಯ ಮೇಲೆ ಇಟ್ಟುಕೊಂಡಿದ್ದರು.

"ಪಾಪ, ಭಾಳ ಹೆದರ್ಯಾರ," ಎಂದರು.

ಅದಾದ ಮೇಲೆ ಸಾಹೇಬರು ಎರಡು ವರ್ಷ ಇದ್ದರು. ಮನೆಯಲ್ಲಿ ಇಬ್ಬಿಬ್ಬರು ರೋಗಿಗಳಾದರೆ ನೋಡುವವರು ಯಾರು ಎನ್ನುವುದು ವೈನಿಯ ಆಪರೇಷನ್ ಮುಂದೂಡಲು ಹೊಸ ನೆವ. ಒಂದು ದಿನ ವಾಕಿಂಗ್ ಮುಗಿಸಿ ಬಂದು ಕುರ್ಚಿಯಲ್ಲಿ ಕೂತವರು ಹಾಗೇ ಹೋದರು. ಸುಖದ ಸಾವು ಎಂದು ಎಲ್ಲರೂ ಅಂದರು. ಇರಬಹುದು.

ಬೇಸಣು ಆಗಿ ಕೆಲವು ವಾರ ಕಳೆದಿರಬೇಕು. ಬೆಳಿಗ್ಗೆ ವೈನಿಯೇ ನಮ್ಮ ಬಾಗಿಲು ತಟ್ಟಿದರು. ಒಳಗೆ ಬನ್ನಿ ಅಂದರೂ ಬರಲಿಲ್ಲ.

"ಆ ಡಾಕ್ಟರು ಇನ್ನೂ ಅಲ್ಲೇ ಅದಾರೇನವಾ? ಹೋಗೂಣೇನು?"

ನಾನು ರಜೆ ಹಾಕಿದೆ. ಡಾಕ್ಟರಿಗೆ ನಮ್ಮ ನೆನಪಿರಲಿಲ್ಲ. ಬೆರಳು ಒಂದೊಂದನ್ನೂ ಬಿಡಿಸಿ, ಸೂಜಿ ತಾಗಿಸಿ, ಹೊಸ ಫಿಲ್ಮ್ ನೋಡಿದರು. ಆಮೇಲೆ ಹೇಳಿದರು: ಹೋದದ್ದು ವಾಪಸು ಬರುವುದಿಲ್ಲ ಬೆಹೆನ್. ಈಗ ಆಪರೇಷನ್ ಮಾಡುವುದು ಇನ್ನೊಂದು ಕೈಗೂ ಕಾಲಿಗೂ ಬರದಿರಲಿ, ಇರುವುದು ಉಳಿಯಲಿ ಅಂತ. ಮನೆಯಲ್ಲಿ ಯಾರನ್ನಾದರೂ ಕೇಳಬೇಕಾ?

"ಯಾರನ್ನೂ ಕೇಳೂದಿಲ್ರಿ. ಮಾಡ್ರಿ," ಎಂದರು ವೈನಿ. ನಾನು ಹಿಂದಿಯಲ್ಲಿ ಹೇಳಿದೆ.

ಡಾಕ್ಟರು ಕಂಪ್ಯೂಟರಿನ ಕಡೆ ತಿರುಗಿ ಒಂದೊಂದೇ ವಿವರ ಕೇಳುತ್ತಾ ಹೋದರು. ಕೊನೆಗೆ, "ದರ್ದ್ ಎಷ್ಟಿದೆ? ಸೊನ್ನೆಯಿಂದ ಹತ್ತರೊಳಗೆ?"

ವೈನಿ ಅಭ್ಯಾಸಬಲದಿಂದ ಪಕ್ಕದ ಕುರ್ಚಿಯ ಕಡೆ ತಿರುಗಿದರು. ಅದರ ಮೇಲೆ ನಮ್ಮ ಕೈಚೀಲ ಇತ್ತು. ಅದನ್ನೇ ಒಂದಿಷ್ಟು ಹೊತ್ತು ನೋಡಿ ನನ್ನ ಕಡೆ ತಿರುಗಿದರು.

"ಈಗ ಏನೂ ಇಲ್ಲ ಅಂತ ಹೇಳವಾ. ಈ ಕೈಗೆ ಈಗ ನೋವೂ ತಿಳೀವಲ್ದು." ಅವರ ದನಿ ಏರಿತು. ಅಷ್ಟು ವರ್ಷಗಳಲ್ಲಿ ನಾನು ಕೇಳದ ದನಿ. "ಆವಾಗ ಹತ್ತು ಇತ್ತು. ಅವತ್ತು ಇಲ್ಲೇ ಕೂತಿದ್ದೆನಲ್ಲಾ, ಆವಾಗ ಹತ್ತು ಇತ್ತು. ಅದನ್ನೂ ಬರಕೋರಿ ಅಂತ ಹೇಳು."

ನಾನು ಹೇಳಿದೆ. ಒಂದಂಶವನ್ನೂ ಕಡಿಮೆ ಮಾಡದೆ ಹೇಳಿದೆ.